ಮೊದಲ ಹಲ್ಲು

ನನ್ನ ತಂಗಿ ರೋಗ ಮುಚ್ಚಿಟ್ಟಳಂತೆ! ಕಾಗದದಲ್ಲಿ ಹಾಗೆ ಬರೆದು, ಹೆಬ್ಬೆಟ್ಟು ಒತ್ತು ಎಂದು ಡಾಕ್ಟರು ಅವಳ ಮುಂದೆ ಶಾಯಿಯ ಡಬ್ಬಿ ಇಟ್ಟರು. ಒತ್ತಿದರೆ ಅವಳು ಬದುಕಿರುವತನಕ ಬೀಗ ಹಾಕಿದ ವಾರ್ಡಿನಲ್ಲಿ ಕೊಳೆಯಬೇಕು.

ನಾವು ಕೆಲಸಕ್ಕಿದ್ದ ಮನೆಯವರು ರಕ್ತಪಿಶಾಚಿಗಳು. ಡಾಕ್ಟರೂ ಅವರ ಕುಲದವರೇ. ತಂಗಿ ಅವರಿಗೆ ಕೊರಳು ಕೊಡುತ್ತಿದ್ದಳು, ನಾನು ಬಟ್ಟೆ ಒಗೆಯುತ್ತಿದ್ದೆ. ಈಗ ಸೋಲುರಕ್ತ ಎಂಬ ರೋಗ ಬಂದಿದೆ. ಅದು ನಮ್ಮಂಥವರ ಮೈಯಲ್ಲಿದ್ದರೂ ಒಂದು ಸೀನೂ ಬರುವುದಿಲ್ಲ. ಆ ರಕ್ತ ಕುಡಿದವರಿಗೆ ಮಾತ್ರ ಕೈಕಾಲಿನ ಶಕ್ತಿ ಸೋರಿಹೋಗುತ್ತದೆ. ಒಂದೇ ಕೈಯಲ್ಲಿ ಬೀರು ಎತ್ತಿಡುತ್ತಿದ್ದ ಯಜಮಾನಿಗೆ ಈಗ ಬಾಚಣಿಗೆಯೂ ಭಾರ. ಪರೀಕ್ಷೆ ಮಾಡಿಸಿದರೆ ತಂಗಿಯ ರಕ್ತದಲ್ಲೂ ಅದೇ ಸಿಕ್ಕಿತು.

ಅದು ಹರಡುವುದು ಅವರ ಹಲ್ಲಿನಿಂದಲೇ. ಬಂದ ನೆಂಟರಿಗೆ ಮೊದಲ ಹಲ್ಲು ಬಿಟ್ಟುಕೊಡುವುದು ಅವರ ಮರ್ಯಾದೆ. ಮನೆಯವರು ಕಚ್ಚುವುದು ಆಮೇಲೆ. ಹೋದ ತಿಂಗಳು ಯಜಮಾನಿಯ ತಮ್ಮ ಬಂದಿದ್ದ. ಅವನನ್ನು ಕಾರಿನಿಂದ ಇಬ್ಬರು ಹೊತ್ತು ತಂದರು. ಕಚ್ಚಲೂ ತ್ರಾಣವಿಲ್ಲದೆ ತಂಗಿಯ ಕೊರಳಲ್ಲಿ ಮೂರು ಸಲ ಹಲ್ಲು ಜಾರಿಸಿದ. ಆ ಮೂರು ಗಾಯ ಒರೆಸಿದ ಬಟ್ಟೆ ಒಗೆದವಳು ನಾನು.

ಶಾಯಿಯ ಡಬ್ಬಿಯನ್ನು ಎತ್ತಿಕೊಂಡೆ.

"ಇಡೇ ಅದನ್ನ," ಎಂದರು ಯಜಮಾನಿ.

"ಇಡಲ್ಲ. ಅಮ್ಮಾವ್ರೇ, ನಿಮ್ಮ ತಮ್ಮನ ವಿಷ್ಯ ಡಾಕ್ಟ್ರಿಗೆ ಹೇಳಿದ್ರಾ?"

"ನಮ್ಮ ವಂಶದಲ್ಲಿ ಅಂಥ ರೋಗ ಇಲ್ಲ!"

"ಮತ್ತೆ ಇವ್ಳಿಗೆ ಎಲ್ಲಿಂದ ಬಂತು? ಗಾಳೀಲಿ ತೇಲ್ಕೊಂಡು ಬಂತಾ?"

ತಂಗಿ ನನ್ನ ಸೆರಗು ಜಗ್ಗಿದಳು. "ಅಕ್ಕಾ, ಬೇಡ್ವೇ. ಒತ್ತಿಬಿಡ್ತೀನಿ."

"ಸುಮ್ನಿರು! ಕುತ್ತಿಗೆ ಕೊಯ್ತೀವಿ ಅಂದ್ರೂ ತಲೆ ಬಗ್ಗಿಸೋಳು ನೀನು."

ಡಾಕ್ಟರು ನಕ್ಕರು. "ಅಜ್ಜೀ, ಇಲ್ಲಿ ಡಾಕ್ಟ್ರು ನೀನೋ ನಾನೋ?"

"ನೀವೇ ಸ್ವಾಮಿ. ಹೋದ ಸೋಮವಾರ ಬಂದಾಗ ನೆಂಟರ ಉಪಚಾರ ಅಂತ ಇವ್ಳ ಕೊರಳಿಗೇ ಬಾಯಿ ಹಾಕಿದ್ರಲ್ಲ, ಆ ಡಾಕ್ಟ್ರೇ. ಎಲ್ಲಿ, ನಿಮ್ಮ ಜೇಬಿನ ಪೆನ್ನಿನ ಮುಚ್ಚಳ ತೆಗೀರಿ ನೋಡೋಣ."

ತೆಗೆಯಲು ಹೋದರು. ಬೆರಳು ನಡುಗಿತೇ ಹೊರತು ಮುಚ್ಚಳ ಮಿಸುಕಲಿಲ್ಲ. ಅವರ ನಗು ಇಳಿಯಿತು.

ಆಗಲಾದರೂ ಯಜಮಾನಿ ನಿಜ ಹೇಳಬಹುದಿತ್ತು. ಬದಲಿಗೆ, "ನೋಡಿ, ನಿಮಗೂ ಹಚ್ಚಿದ್ದಾಳೆ ಈ ಹೊಲಸು ಹೆಂಗಸು!" ಎಂದು ಕಿರುಚಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಮೂವತ್ತು ವರ್ಷ ನಾನು ತಾಳ್ಮೆ ಎಂದುಕೊಂಡಿದ್ದು ಬರೀ ಹೆದರಿಕೆ. ಕಾಗದವನ್ನು ಹರಿದು ಹಾಕಿ, ತಂಗಿಯ ರಟ್ಟೆ ಹಿಡಿದು ಎಳೆದುಕೊಂಡು ಹೊರಟೆ. ಹಿಂಬಾಗಿಲಿಗಲ್ಲ, ಮುಂಬಾಗಿಲಿಗೆ. ತಡೆಯಲು ಯಜಮಾನಿ ಎತ್ತಿದ ಕೈ ಅರ್ಧಕ್ಕೇ ತೊಡೆಯ ಮೇಲೆ ಬಿತ್ತು.

ಬಾಗಿಲು ಎಳೆದೆ. ಹೊರಗೆ ನಡುಮಧ್ಯಾಹ್ನದ ಬಿಸಿಲು. ತಾಗಿದರೆ ಅವರ ಚರ್ಮ ಬೆಂದುಹೋಗುತ್ತದೆ. ಬಿಸಿಲು ಒಳಗೆ ನುಗ್ಗಿ ನೆಲದುದ್ದಕ್ಕೂ ಅವರ ಕುರ್ಚಿಯತ್ತ ಚಾಚಿತು.

"ಬಾಗಿಲು ಹಾಕ್ಕೊಂಡು ಹೋಗ್ರೇ!" ಎಂದು ಯಜಮಾನಿ ಕೂಗಿದರು.

ಅದೇನು ಅಭ್ಯಾಸವೋ, ತಂಗಿ ಹಿಂದಕ್ಕೆ ತಿರುಗಿದಳು. ನಾನು ಅವಳ ರಟ್ಟೆ ಬಿಡಲಿಲ್ಲ.

"ಅವರ ಮನೆ ಬಾಗಿಲು, ಅವರೇ ಹಾಕ್ಕೊಳ್ಳಲಿ," ಎಂದೆ. "ನಡಿ."