ಹಲ್ಲುಜ್ಜುವ ಎದೆ

ಡಾಕ್ಟರು, ನರ್ಸುಗಳು, ಶಾಕ್ ಕೊಡುವ ಗಾಡಿ ಎಲ್ಲ ದಡಬಡ ಓಡಿ ಬಂದಾಗ ಡ್ರೈವರಜ್ಜ ಹಾಸಿಗೆಯ ಮೇಲೆ ಕೂತು ಹಲ್ಲುಜ್ಜುತ್ತಿದ್ದ. ಬಾಯಿ ತುಂಬ ನೊರೆ.

"ಏನ್ರಪ್ಪಾ, ಹಲ್ಲುಜ್ಜೋದೂ ತಪ್ಪಾ?"

ಪಕ್ಕದ ಮಾನಿಟರ್ ಕೋಣೆಯಲ್ಲಿ ಗಂಟೆ ಒತ್ತಿದವಳು ತಲೆ ತಗ್ಗಿಸಿದಳು. ಎದೆಗೆ ಅಂಟಿಸಿದ ತಂತಿಗಳು ಕೈ ಅಲುಗಿದ್ದನ್ನೂ ಪರದೆಗೆ ಕಳಿಸುತ್ತವೆ; ಬ್ರಷ್ಷಿನ ಕುಲುಕಾಟ ಅವಳ ಕಣ್ಣಿಗೆ ಸಾವಿನ ಓಟದಂತೆ ಕಂಡಿತ್ತು. ಮೊನ್ನೆಮೊನ್ನೆಯವರೆಗೆ ಅವಳು ಕೆಳಮಹಡಿಯ ಲಾಂಡ್ರಿಯಲ್ಲಿ ಆಸ್ಪತ್ರೆಯ ಚಾದರ ಒಗೆಯುತ್ತಿದ್ದವಳು. ನಮಗೂ ಮೇಲಿನ ಕೆಲಸ ಕಲಿಸಿ ಎಂದು ಲಾಂಡ್ರಿಯ ಹೆಂಗಸರೆಲ್ಲ ಗೇಟಿನ ಮುಂದೆ ಬಿಸಿಲಲ್ಲಿ ಕೂತು, ಬೈಗುಳ ತಿಂದು ಗಿಟ್ಟಿಸಿಕೊಂಡದ್ದು ಈ ಒಂದೇ ಒಂದು ಕುರ್ಚಿ. ಇವಳು ಇಲ್ಲಿ ನೆಲೆ ನಿಂತರೆ ಮುಂದಿನ ಸರದಿ ಅಲ್ಲೇ ಒಗೆಯುವ ನಾದಿನಿಯದು.

"ಇನ್ನೊಂದು ಸಲ ಸುಮ್ಮಸುಮ್ಮನೆ ಗಂಟೆ ಒತ್ತಿದರೆ ಕುರ್ಚಿ ವಾಪಸ್," ಎಂದರು ಮ್ಯಾನೇಜರು. "ಒಗೆಯೋ ಕೈಗೆ ಒಗೆಯೋದೇ ಲೇಸು."

ಹೆಡ್ ಸಿಸ್ಟರ್ ಅವಳ ರಟ್ಟೆ ಹಿಡಿದು ಪಕ್ಕಕ್ಕೆಳೆದಳು. "ಈ ತಪ್ಪು ನಾನೂ ಮಾಡಿದೀನಿ, ಬಾರೇ."

ಅಜ್ಜನ ನೆಮ್ಮದಿಯ ಎದೆಬಡಿತ ಅಚ್ಚಾದ ಕಾಗದದ ಪಟ್ಟಿಯ ಪಕ್ಕ ಚೀಟಿಯೊಂದನ್ನಿಟ್ಟು, ಎತ್ತರದ ಮೊನೆಗಳಿಗೆ ನೇರವಾಗಿ ಅದರ ಅಂಚಿಗೆ ಗುರುತು ಹಾಕಿದಳು. ಅದೇ ಚೀಟಿಯನ್ನು ಬ್ರಷ್ಷಿನ ಗದ್ದಲ ಅಚ್ಚಾದ ಕಡೆಗೆ ಸರಿಸಿದಳು. ಗದ್ದಲದೊಳಗಿಂದಲೂ ಮೊನೆಗಳು ಗುರುತಿಗೆ ಸರಿಯಾಗಿ ಇಣುಕುತ್ತಿದ್ದವು.

"ನೋಡು, ಇಷ್ಟೆಲ್ಲ ಗಲಾಟೆ ನಡುವೆ ಅಜ್ಜ ತನ್ನ ಪಾಡಿಗೆ ನಡೀತಿದಾನೆ. ನಡಿಗೆ ಸಿಕ್ಕಿದರೆ ಕೂತ್ಕೋ. ಸಿಗದಿದ್ದರೆ ಗಂಟೆ ಒತ್ತು, ಯಾರಪ್ಪನ ಮಾತೂ ಕೇಳಬೇಡ."

ಸಂಜೆ ಲಾಂಡ್ರಿಯಲ್ಲಿ ನಾದಿನಿ ಬಿಡಲಿಲ್ಲ. "ಏನತ್ತಿಗೆ, ನಾಳೆ ಯಾರಾದ್ರೂ ಬೆನ್ನು ಕೆರ್ಕೊಂಡ್ರೂ ಗಂಟೆ ಒತ್ತೀಯಾ?"

"ನಿನ್ನ ಬಾಯಿಗೆ ತಂತಿ ಅಂಟಿಸಿದರೆ ಪರದೆನೇ ಒಡೆದುಹೋಗುತ್ತೆ. ಸುಮ್ನೆ ಆ ತುದಿ ಹಿಡಿ."

ನಗುತ್ತಲೇ ಇಬ್ಬರೂ ಮೂಲೆಗೆ ಮೂಲೆ ಕೂಡಿಸಿ ಚಾದರ ಮಡಿಸಿದರು.

ಮತ್ತೊಂದು ಬೆಳಿಗ್ಗೆ ಮ್ಯಾನೇಜರು ಅವಳ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಾಗಲೇ ಅಜ್ಜನ ಸಾಲು ಪರದೆಯಲ್ಲಿ ಹುಚ್ಚೆದ್ದು ಕುಣಿಯಿತು.

"ಬಂತಪ್ಪ ಬ್ರಷ್ಷು," ಎಂದು ನಕ್ಕರು. "ಗಂಟೆ ಮುಟ್ಟೀಯ, ಜೋಕೆ."

ಅವಳು ಪಟ್ಟಿ ಹರಿದುಕೊಂಡು ಗುರುತು ಹಾಕಿದ ಆ ಚೀಟಿ ಇಟ್ಟಳು. ಮೊದಲ ಗುರುತಿನಡಿ ಮೊನೆ ಇಲ್ಲ. ಸರಿಸಿದಳು. ಅಲ್ಲೂ ಇಲ್ಲ. ಅಗಲಗಲ ಅಲೆಗಳು ಮಾತ್ರ, ಒಂದರ ಬೆನ್ನಿಗೊಂದು. ನಾದಿನಿಯ ಮುಖ, ಗೇಟಿನ ಮುಂದೆ ಬಿಸಿಲಲ್ಲಿ ಕೂತವರ ಮುಖ ಕಣ್ಣಮುಂದೆ ಹಾದುಹೋದವು.

"ನಡಿಗೆ ಸಿಕ್ತಿಲ್ಲ ಸಾರ್," ಎಂದು ಗಂಟೆ ಒತ್ತಿದಳು.

ಗಾಡಿ ಓಡಿತು. ಗೋಡೆಯಾಚೆ "ಎಲ್ಲರೂ ಕೈ ತೆಗೀರಿ!" ಎಂಬ ಕೂಗು. ಪರದೆಯ ಗೆರೆ ಚಪ್ಪಟೆಯಾಯಿತು, ತಡವರಿಸಿತು, ಒಂದು ಮೊನೆ ಎತ್ತಿತು. ಮತ್ತೊಂದು. ಸ್ವಲ್ಪ ಹೊತ್ತಿಗೆ ಅಜ್ಜನ ಸೋತ ದನಿಯೂ ಕೇಳಿತು: "ಯಾರ್ರೀ ಎದೆಗೆ ಒದ್ದದ್ದು? ನಾನಿನ್ನೂ ಬ್ರಷ್ಷೇ ಮುಟ್ಟಿರಲಿಲ್ಲವಲ್ಲ!"

ಮ್ಯಾನೇಜರು ಕುರ್ಚಿಯ ಮೇಲಿನ ಕೈ ತೆಗೆದರು.

ಆ ಸಂಜೆ ಲಾಂಡ್ರಿಯ ಹಗ್ಗದ ಮೇಲೆ, ಒದ್ದೆ ಚಾದರಗಳ ನಡುವೆ, ಹೆಡ್ ಸಿಸ್ಟರ್ ಕೊಟ್ಟ ಉದ್ದನೆಯ ಬಡಿತದ ಪಟ್ಟಿಯೊಂದು ಕ್ಲಿಪ್ಪಿಗೆ ಸಿಕ್ಕಿ ಫ್ಯಾನಿನ ಗಾಳಿಗೆ ಅಲುಗುತ್ತಿತ್ತು. ನಾದಿನಿ ಸೋಪಿನ ಕೈ ಸೆರಗಿಗೆ ಒರೆಸಿಕೊಂಡು, ಅದು ಅಲುಗದಂತೆ ಹಿಡಿದು, ಮೊದಲ ಮೊನೆಯ ಕೆಳಗೆ ಚೀಟಿಯ ಅಂಚು ತಂದಿಟ್ಟಳು.