ಒಂದೇ ಸೌಟಿನ ಮನೆಯಲ್ಲಿ ಮೂರು ತಟ್ಟೆ

ಹಾಸಿಗೆ ಹೊಲಿಯುವವನ ಮನೆಯಲ್ಲಿ ಅನ್ನಕ್ಕೆ ಕೊರತೆ ಇರಲಿಲ್ಲ. ಆದರೂ ಸೂಜಿ ದಿನದಿನಕ್ಕೆ ಒಣಗುತ್ತಿದ್ದಳು.

ಸೂಜಿ ಆ ಮನೆಯ ಹೆಣ್ಣುನಾಯಿ. ಮೂತಿ ಚೂಪಾಗಿದ್ದುದರಿಂದ ಆ ಹೆಸರು. ಮನೆ ಮುಂದಿನ ಹಾಸಿಗೆ ಅಂಗಡಿಯ ಮೂಲೆಯಲ್ಲಿ, ಹಳೆಯ ಹತ್ತಿ ಗುಡ್ಡೆ ಹಾಕಿದ ಕಡೆ, ತಿಂಗಳ ಹಿಂದೆ ಮೂರು ಮರಿ ಹಾಕಿದ್ದಳು. ಒಂದು ಮರಿ ಆಗಲೇ ತೀರಿಹೋಗಿತ್ತು. ಉಳಿದೆರಡರಲ್ಲಿ ಬಿಳಿಯ ಮರಿ ಮೊಲೆ ಚೀಪಿ ಚೀಪಿ, ಏನೂ ಸಿಗದೆ, ಕುಂಯ್‌ಗುಡುತ್ತ ಹತ್ತಿಯಲ್ಲೇ ಮುದುಡಿಕೊಳ್ಳುತ್ತಿತ್ತು.

ಅದೇ ಅಂಗಡಿಯ ಬಾಗಿಲಿಗೆ ಅಡ್ಡಲಾಗಿ ದಿಂಬು ಮಲಗಿರುತ್ತಿದ್ದ. ಮುದಿ ನಾಯಿ. ಹೆಸರಿಟ್ಟವರು ಮನೆಯ ಹಿರಿಯ ಯಜಮಾನರು, ಹಾಸಿಗೆಯವನ ತಂದೆ. ಅವರು ಹೋಗಿ ವರ್ಷ ತುಂಬಿರಲಿಲ್ಲ. ದಿಂಬು ಈಗ ಹೆಸರಿಗೆ ತಕ್ಕ ಹಾಗೆ ಊದಿಕೊಂಡಿದ್ದ. ಒಂದು ಮೆಟ್ಟಿಲು ಹತ್ತಿದರೆ ಏದುಸಿರು.

ಎಲ್ಲರಿಗೂ ಬಡಿಸುವವಳು ಹಾಸಿಗೆಯವನ ತಾಯಿ. ಓಣಿಗೆಲ್ಲ ಆಕೆ ದೊಡ್ಡಮ್ಮ. ಗಂಡುಮಕ್ಕಳು ಉಂಡೆದ್ದ ಮೇಲೆ ಪಾತ್ರೆಯ ತಳ ಕೆರೆದು ಉಂಡು ಬೆಳೆದವಳು. ತನ್ನ ಕೈಗೆ ಸೌಟು ಬಂದ ದಿನವೇ ದೇವರ ಮುಂದೆ ನಿಂತು, ಈ ಮನೆಯಲ್ಲಿ ಪಂಕ್ತಿಭೇದ ಆಗಕೂಡದು ಎಂದು ಹೇಳಿಕೊಂಡಿದ್ದಳು. ನಾಯಿಗಳಿಗೂ ಅದೇ ನ್ಯಾಯ. ಬೆಳಿಗ್ಗೆ ಒಂದು ಸೌಟು ಹಾಲನ್ನ, ಸಂಜೆ ಒಂದು ಸೌಟು. ಸೂಜಿಗೂ ಅಷ್ಟೇ, ದಿಂಬುಗೂ ಅಷ್ಟೇ. ಮರಿಗಳ ಮುಂದೆಯೂ ಅದೇ ಅನ್ನ.

"ಅತ್ತೆ, ಸೂಜಿಗೆ ಇನ್ನೊಂದು ಸೌಟು ಹಾಕೋಣವಾ?" ಎಂದು ಸೊಸೆ ಕೇಳಿದಳು.

"ದಿಂಬುಗೂ ಹಾಕ್ತೀಯಾ ಹಾಗಾದ್ರೆ?"

"ಅವನಿಗ್ಯಾಕೆ? ಈಗಲೇ ಜೋಡಿ ಹಾಸಿಗೆ ಅಳತೆಗೆ ಬಂದಿದ್ದಾನೆ."

"ಹಾಗಿದ್ರೆ ಇವಳಿಗೂ ಬೇಡ. ಬಾಯಿಲ್ಲದ ಪ್ರಾಣಿ ಅಂತ ತಾರತಮ್ಯ ಮಾಡಿದ್ರೆ ಮೇಲಿರೋನು ಸುಮ್ಮನೆ ಬಿಡ್ತಾನಾ?"

ಮರುದಿನ ಬೆಳಿಗ್ಗೆ ಬಿಳಿಯ ಮರಿ ಏಳಲಿಲ್ಲ. ಉಸಿರು ಮಾತ್ರ ಆಡುತ್ತಿತ್ತು. ದೊಡ್ಡಮ್ಮ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಕುಳಿತಳು. "ದೇವರೇ, ಈ ಮನೆಯಿಂದ ಎಷ್ಟು ಜೀವ ಕರ್ಕೊಳ್ತೀಯಪ್ಪಾ," ಎಂದಳು. ಮಗ ಹೊಲಿಗೆ ಬಿಟ್ಟೆದ್ದು ಓಣಿಯ ತುದಿಯ ಪಶುವೈದ್ಯೆಯನ್ನು ಕರೆತಂದ.

ಡಾಕ್ಟರಮ್ಮ ಮರಿಯ ಒಸಡು ನೋಡಿದರು, ಸೂಜಿಯ ಪಕ್ಕೆ ಮುಟ್ಟಿದರು, ತಟ್ಟೆಯಲ್ಲಿದ್ದ ಹಾಲನ್ನವನ್ನೂ ನೋಡಿದರು.

"ರೋಗ ಏನೂ ಕಾಣ್ತಿಲ್ಲ ದೊಡ್ಡಮ್ಮ. ಹಸಿವು."

"ಹಸಿವಾ! ನನ್ನ ಮನೇಲಾ!" ದೊಡ್ಡಮ್ಮನ ಮುಖ ಕೆಂಪಾಯಿತು. "ಎಲ್ಲರಿಗೂ ಒಂದೇ ಸೌಟು. ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಿಮೆ ಅಂತ ಒಂದು ಅಗುಳು ಅತ್ತಿತ್ತ ಮಾಡಿಲ್ಲ ನಾನು."

"ಅದೇ ತೊಂದರೆ ಆಗಿರೋದು. ಹಾಲೂಡಿಸೋ ತಾಯಿಗೆ ಮಾಮೂಲಿಗಿಂತ ಎರಡು ಮೂರು ಪಟ್ಟು ಬೇಕು. ಬರೀ ಅನ್ನ ಸಾಲದು. ಮಾಂಸ, ಮೊಟ್ಟೆಯಂಥ ಗಟ್ಟಿ ಆಹಾರ ಬೇಕು. ಆ ಒಂದು ಸೌಟು ಇವಳಿಗೇ ಸಾಲ್ತಿಲ್ಲ, ಹಾಲು ಎಲ್ಲಿಂದ ಬರ್ಬೇಕು? ಅದೇ ಸೌಟು ದಿನವಿಡೀ ಮಲಗಿರೋ ದಿಂಬುಗೆ ಹೆಚ್ಚಾಗಿ ಬೊಜ್ಜಾಯ್ತು. ಹಸುವಿನ ಹಾಲು ಮರಿಗಳ ಹೊಟ್ಟೆ ಕೆಡಿಸುತ್ತೆ."

"ಅಂದ್ರೆ ಪಂಕ್ತಿಭೇದ ಮಾಡು ಅಂತೀರಾ?"

ಡಾಕ್ಟರಮ್ಮ ತಾವು ತಂದಿದ್ದ, ಮರಿಗಳಿಗೆಂದೇ ಇರುವ ಹಾಲಿನ ಪುಡಿ ಕಲಸಿ, ಪುಟ್ಟ ಬಾಟಲಿಯಿಂದ ಬಿಳಿಯ ಮರಿಯ ಬಾಯಿಗೆ ಹನಿಹನಿಯಾಗಿ ಬಿಡುತ್ತ ಕೇಳಿದರು: "ಸೊಸೆ ಬಾಣಂತಿ ಆಗಿದ್ದಾಗ ಹೇಗೆ ಬಡಿಸಿದ್ರಿ?"

ಸೊಸೆ ನಕ್ಕಳು. "ಒತ್ತಿ ಒತ್ತಿ ಹಾಕ್ತಿದ್ರು ಡಾಕ್ಟರಮ್ಮ. ಸಾಕು ಅಂದ್ರೆ ಬೈಗುಳ."

"ಯಜಮಾನರು ಕಡೇ ದಿನಗಳಲ್ಲಿ ಏನು ಊಟ ಮಾಡ್ತಿದ್ರು?"

"ಉಪ್ಪಿಲ್ಲದ ಮೆತ್ತನೆ ಅನ್ನ. ಹಲ್ಲೆಲ್ಲಿತ್ತು ಅವರಿಗೆ?" ಎಂದಳು ದೊಡ್ಡಮ್ಮ.

"ನೀವೂ ಅದನ್ನೇ ಉಂಡ್ರಾ?"

"ನಾನ್ಯಾಕೆ..." ಎಂದಳು ದೊಡ್ಡಮ್ಮ.

ಯಜಮಾನರು ಆಗ ಆ ಮೆತ್ತನೆ ಅನ್ನದ ತಟ್ಟೆ ನೋಡಿ ತಮಾಷೆ ಮಾಡಿದ್ದರು: "ಏನೇ, ನನ್ನನ್ನೇ ಪಂಕ್ತಿಯಿಂದ ಎಬ್ಬಿಸಿಬಿಟ್ಟೆಯಾ?" ಆಕೆ ಹೇಳಿದ್ದಳು: "ನಿಮಗೆ ಹಿಡಿಸೋದು ನಿಮಗೆ. ಇದೂ ನನ್ನ ಕೈಯದ್ದೇ ಅಲ್ವಾ?" ಆ ಮಾತು ಈಗ ನೆನಪಾಯಿತು. ಕಣ್ಣೊರೆಸಿಕೊಂಡು ಎದ್ದಳು.

"ಮೂರು ತಟ್ಟೆ ತೊಳೆದಿಡಮ್ಮಾ," ಎಂದಳು ಸೊಸೆಗೆ.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಮರಿಗಳಿಗೆ ಪೊಟ್ಟಣದಲ್ಲಿ ಬರುವ ನಾಯಿಮರಿಗಳ ಆಹಾರವನ್ನೇ ನೀರಲ್ಲಿ ನೆನೆಸಿ, ಮೆತ್ತಗೆ ಮಾಡಿ, ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪ. ಸೂಜಿಗೂ ಹಾಲೂಡಿಸುವಷ್ಟು ದಿನ ಅದೇ ಮರಿಗಳ ಆಹಾರ. ಅದರಲ್ಲಿ ಕಸುವು ಹೆಚ್ಚು. ಬೇಡುವಷ್ಟು ಕೊಡಬೇಕು, ನೀರು ಯಾವಾಗಲೂ ಎದುರಿಗಿರಬೇಕು. ದಿಂಬುಗೆ ಮುದಿ ನಾಯಿಗಳ ಹಗುರ ಆಹಾರ, ಎರಡು ಹೊತ್ತು, ಅಳತೆ ಮಾಡಿ. ಹಳೆಯದನ್ನು ಒಮ್ಮೆಗೇ ನಿಲ್ಲಿಸದೆ, ವಾರದುದ್ದಕ್ಕೂ ಹೊಸದನ್ನು ಬೆರೆಸುತ್ತ ಬರಬೇಕು.

ಡಾಕ್ಟರಮ್ಮ ಕೊಟ್ಟ ಪೊಟ್ಟಣ ಬಿಚ್ಚಿದ ದೊಡ್ಡಮ್ಮ ಮೂಗು ಮುರಿದಳು. "ಇದೇನು, ಹಕ್ಕಿಗೆ ಹಾಕೋ ಕಾಳಿದ್ದ ಹಾಗಿದೆ!"

"ಮನೇಲೇ ಬೇಯಿಸಿ ಹಾಕಬಹುದು. ಯಾವುದು ಎಷ್ಟು ಅಂತ ನನ್ನ ಕೇಳಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ಮಾತ್ರ ಬಾಯಿಗೆ ಹಾಕಬೇಡಿ. ಬೇಯಿಸಿದ ಮೂಳೆಯೂ ಬೇಡ."

ದಿನಗಳು ಕಳೆದವು. ಸೂಜಿಗೆ ಹಾಲು ಇಳಿಯಿತು. ಬಿಳಿಯ ಮರಿ ಮೊದಲು ಕಣ್ಣಗಲಿಸಿತು, ಆಮೇಲೆ ಕುಳಿತಿತು, ಆಮೇಲೆ ಒಂದು ದಿನ ಹೊಸ ಹಾಸಿಗೆಯ ಹೊಲಿಗೆ ಕಿತ್ತು ಹತ್ತಿಯನ್ನೆಲ್ಲ ಹೊರಗೆಳೆದು ಹಾಸಿಗೆಯವನಿಂದ ಬೈಸಿಕೊಂಡಿತು.

ದಿಂಬುವಿಗೆ ಮಾತ್ರ ಮುನಿಸು. ತನ್ನ ತಟ್ಟೆ ನೋಡಿದ, ಸೂಜಿಯ ತಟ್ಟೆ ನೋಡಿದ, ದೊಡ್ಡಮ್ಮನನ್ನು ನೋಡಿದ. ಆಕೆ ಅವನ ಪಕ್ಕ ನೆಲದ ಮೇಲೆ ಕುಳಿತು ತಲೆ ಸವರಿದಳು.

"ನಿನಗೆ ಹಿಡಿಸೋದು ನಿನಗೆ ಕಣೋ. ಇದೂ ನನ್ನ ಕೈಯದ್ದೇ ಅಲ್ವಾ? ತಿನ್ನು."

ದಿಂಬು ತಟ್ಟೆಗೆ ಮೂತಿ ಇಟ್ಟ.

ಓದಿದವರೇ, ಕೇಳಿದವರೇ, ನಿಮ್ಮ ಮನೆಯ ನಾಯಿಗೆ ಈಗ ಎಷ್ಟು ವಯಸ್ಸು? ಅದು ಬೆಳೆಯುವ ಮರಿಯೋ, ಹಾಲೂಡಿಸುವ ತಾಯಿಯೋ, ದುಡಿಯುವ ಪ್ರಾಯದ್ದೋ, ಮುದಿಯೋ? ಆಹಾರ ಕೊಳ್ಳುವಾಗ ಪೊಟ್ಟಣದ ಮೇಲೆ ಯಾವ ವಯಸ್ಸಿಗೆ ಎಂದು ಬರೆದಿರುತ್ತದೆ, ಓದಿ ಕೊಳ್ಳಿ. ಮರಿ ಹಾಕಿದ ನಾಯಿ ನಡುಗಿದರೆ, ಮರಿ ಏಳದಿದ್ದರೆ, ಮುದಿ ನಾಯಿ ಊಟ ಬಿಟ್ಟರೆ ಕಾಯುತ್ತ ಕೂರಬೇಡಿ, ಪಶುವೈದ್ಯರಲ್ಲಿಗೆ ಹೋಗಿ. ಇಂದು ಸಂಜೆ ತಟ್ಟೆ ಇಡುವ ಮುಂಚೆ ಅದರ ಪಕ್ಕೆಯ ಮೇಲೊಮ್ಮೆ ಕೈಯಾಡಿಸಿ. ಎಲುಬು ಎದ್ದು ಸಿಗುತ್ತದೆಯೋ, ಬೊಜ್ಜಿನಡಿ ಸಿಗುವುದೇ ಇಲ್ಲವೋ; ಊಟ ಕಡಿಮೆಯಾಯಿತೋ ಹೆಚ್ಚಾಯಿತೋ ನಿಮ್ಮ ಕೈಗೇ ತಿಳಿಯುತ್ತದೆ.