ನಮ್ಮವರು ಬೇಡ ಅಂತಾರೆ

ಶರ್ಟಿನ ಕಾಲರು ಹೊಲಿಯುವುದು ಹೊರಗಿನಿಂದ ನೋಡುವವರಿಗೆ ಚಿಲ್ಲರೆ ಕೆಲಸ. ಕೂತು ಹೊಲಿದವರಿಗೆ ಗೊತ್ತು, ಎರಡು ಮೂಲೆಗಳೂ ಒಂದೇ ಸಮನೆ ಚೂಪಾಗಿ ಬರಬೇಕಾದರೆ ಜೀವ ಎಷ್ಟು ಬಾಯಿಗೆ ಬರುತ್ತದೆಂದು. ಆ ಬಟ್ಟೆ ಕಾರ್ಖಾನೆಯಲ್ಲಿ ಈ ಕೆಲಸದಲ್ಲಿ ಎತ್ತಿದ ಕೈ ಎನಿಸಿಕೊಂಡವಳನ್ನು ಹಿರಿಯರು ಕಿರಿಯರು ಎನ್ನದೆ ಎಲ್ಲರೂ ಕಾಲರಕ್ಕ ಅಂತಲೇ ಕರೆಯುತ್ತಿದ್ದರು. ಅವಳ ಗಂಡ ಅದೇ ಕಾರ್ಖಾನೆಯ ಕಟಿಂಗ್ ಮೇಸ್ತ್ರಿ. ಉದ್ದ ಮೇಜಿನ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಕರೆಂಟಿನ ಕತ್ತಿ ಹಿಡಿದು ಗುರುತಿನ ಮೇಲೆ ನಡೆಸಿದನೆಂದರೆ ಮೇಲಿನ ಪದರಕ್ಕೂ ತಳದ ಪದರಕ್ಕೂ ನೂಲಿನಷ್ಟೂ ವ್ಯತ್ಯಾಸ ಬರುತ್ತಿರಲಿಲ್ಲ.

ಕೆಲಸಗಾರರ ಸಮಿತಿಯಲ್ಲಿ ಮೂರೇ ಜನ. ಕತ್ತರಿಸುವವರ ಪರವಾಗಿ ಮೇಸ್ತ್ರಿ, ಹೊಲಿಯುವ ಹೆಂಗಸರ ಪರವಾಗಿ ಕಾಲರಕ್ಕ, ಇಸ್ತ್ರಿ ಮತ್ತು ಪ್ಯಾಕಿಂಗಿನವರ ಪರವಾಗಿ ಪೆಟ್ಟಿಗೆಯಣ್ಣ ಎಂಬ ಹಿರಿಯ. ಪೆಟ್ಟಿಗೆಯಣ್ಣನೇ ಅಧ್ಯಕ್ಷ. ಉಳಿದಿಬ್ಬರ ಮಾತು ಒಂದೇ ಆದರೆ ಆತ ತಲೆಯಾಡಿಸಿದರೆ ಸಾಕು, ಬೇರೆ ಬೇರೆಯಾದರೆ ಮಾತ್ರ ಆತ ಒಂದು ಕಡೆ ನಿಲ್ಲಬೇಕು. ಹಾಗೆ ನಿಲ್ಲುವ ಪ್ರಸಂಗ ಬಂದೇ ಇರಲಿಲ್ಲ. ಹೇಗೆ ಬಂದೀತು? ಕಾಲರಕ್ಕ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಪಕ್ಕದ ಕುರ್ಚಿಯಿಂದ ಮೇಸ್ತ್ರಿ, "ಇವಳು ಹೇಳೋದೇನಂದ್ರೆ" ಎಂದು ಶುರು ಹಚ್ಚಿಕೊಂಡಾಗಿರುತ್ತಿತ್ತು.

ಆ ಮಾತು ಹೊಲಿಗೆಯ ಹೆಂಗಸರಲ್ಲಿ ದೊಡ್ಡ ನಗೆಯ ಸರಕಾಗಿತ್ತು. ಒಬ್ಬಳ ಯಂತ್ರದಲ್ಲಿ ದಾರ ಮುಗಿದರೆ ಪಕ್ಕದವಳು ಮೀಸೆ ತಿರುವುವಂತೆ ಮಾಡಿ, ಇವಳು ಹೇಳೋದೇನಂದ್ರೆ ದಾರ ಮುಗೀತು, ಎನ್ನುವಳು. ಒಬ್ಬಳಿಗೆ ಸೀನು ಬಂದರೆ ಇನ್ನೊಬ್ಬಳು, ಇವಳು ಹೇಳೋದೇನಂದ್ರೆ ಆಕ್ಷಿ, ಎನ್ನುವಳು. ಕಾಲರಕ್ಕನೂ ಬಗ್ಗಿ ಹೊಲಿಯುತ್ತಲೇ ನಗುತ್ತಿದ್ದಳು. ಮೇಸ್ತ್ರಿ ಕೆಟ್ಟವನೆಂದು ಯಾರೂ ತಿಳಿಯಬಾರದು. ಊಟದ ಹೊತ್ತಿಗೆ ಹೆಂಡತಿಗಾಗಿ ಟೀ ಹಿಡಿದುಕೊಂಡು ಮೆಟ್ಟಿಲಿಳಿದು ಬರುತ್ತಿದ್ದ ಗಂಡಸು ಆ ಕಟ್ಟಡದಲ್ಲಿ ಅವನೊಬ್ಬನೇ. ಸಭೆಯಲ್ಲಿ ಬಾಯಿ ನೋಯಿಸಿಕೊಳ್ಳುವ ಕಷ್ಟ ಅವಳಿಗೇಕೆ ಎಂದೇ ತಾನು ಮಾತಾಡುತ್ತಿದ್ದೇನೆಂದು ಅವನು ಮನಸಾರೆ ನಂಬಿದ್ದ. ಅವನು ಹೇಳಿದ್ದು ಅವಳ ಮನಸ್ಸಿನಲ್ಲಿ ಇದ್ದದ್ದೇ ಎಂದು ಅವಳೂ ಎಷ್ಟೋ ಸಲ ನಂಬಿದ್ದಳು. ನಂಬದೇ ಇದ್ದ ಸಲ ಸುಮ್ಮನಿದ್ದಳು.

ಹಾಗಿದ್ದವನಿಗೆ ಕತ್ತರಿಸುವ ಮೇಜಿನ ಹತ್ತಿರವೇ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು, ಅದರ ಜೊತೆಗೆ ಮಾತೂ ಹೋಯಿತು. ಕೇಳಿದ್ದೆಲ್ಲ ಅರ್ಥವಾಗುತ್ತದೆ ಎಂದರು ಡಾಕ್ಟರು. ಅವನ ಬಾಯಿಂದ ಹೊರಡುತ್ತಿದ್ದದ್ದು ಮಾತ್ರ "ಹ್ಞೂ" ಅನ್ನುವ ಒಂದೇ ಸದ್ದು. ನೀರಿಗೂ ಅದೇ, ಬೇಸರಕ್ಕೂ ಅದೇ.

ಮೇಸ್ತ್ರಿ ಹಾಸಿಗೆ ಹಿಡಿದ ಮೇಲೆ ಯಜಮಾನರು ಸಮಿತಿಯ ಮುಂದೆ ಒಂದು ಮಾತಿಟ್ಟರು. ಬಟ್ಟೆ ಕತ್ತರಿಸುವ ದೊಡ್ಡ ಯಂತ್ರ ತರಿಸಿ ಗೋದಾಮಿನಲ್ಲಿ ಕೂರಿಸುತ್ತೇವೆ, ಕೈಯಲ್ಲಿ ಕತ್ತರಿಸುವವರೆಲ್ಲ ಪ್ಯಾಕಿಂಗಿಗೆ ಹೋಗಲಿ. ಮೇಲೆ ಕಿಟಕಿಗಳಿರುವ ಕಟಿಂಗ್ ಹಾಲ್ ಖಾಲಿಯಾಗುತ್ತದಲ್ಲ, ಅದನ್ನು ಹೊಲಿಗೆಯವರಿಗೆ ಕೊಡುತ್ತೇವೆ. ಒಪ್ಪಿದರೆ ಎರಡೂ, ಒಪ್ಪದಿದ್ದರೆ ಎರಡೂ ಇಲ್ಲ.

ಹೊಲಿಗೆಯವರು ಕೂರುತ್ತಿದ್ದದ್ದು ನೆಲಮಾಳಿಗೆಯಲ್ಲಿ. ಅಲ್ಲಿ ಕಿಟಕಿ ಎಂಬುದೇ ಇಲ್ಲ. ಬಟ್ಟೆಯ ನವಿರು ದೂಳು ದೀಪದ ಸುತ್ತ ಹಾರಾಡಿಕೊಂಡು ಕೊನೆಗೆ ಎಲ್ಲರ ಮೂಗಿಗೇ ಬಂದು ಸೇರಬೇಕು. ಕಾರ್ಖಾನೆಯ ಹೊರಗೋಡೆಯ ಮೇಲೆ ಯಾರೋ ಕಲಾವಿದನಿಂದ ಒಂದು ದೊಡ್ಡ ಚಿತ್ರ ಬರೆಸಿದ್ದರು: ಹೊಲಿಗೆ ಯಂತ್ರದ ಮುಂದೆ ನಗುತ್ತ ಕೂತ ಹೆಂಗಸು, ಅವಳ ಹಿಂದೆ ಅಗಲವಾದ ಕಿಟಕಿ, ಕಿಟಕಿಯಾಚೆ ನೀಲಿ ಆಕಾಶ. ಚೆನ್ನಾಗಿಯೇ ಬರೆದಿದ್ದ. ಬೆಳಿಗ್ಗೆ ಅದರ ಮುಂದೆ ಹಾದುಹೋಗುವಾಗ ಹೆಂಗಸರು, ಇವಳಿಗೆ ಎಲ್ಲಿ ಕೆಲಸ ಸಿಕ್ಕಿತು, ನಮಗೂ ಒಂದು ಮಾತು ಹೇಳಬಾರದಾಗಿತ್ತೇ ಎಂದು ಮೂದಲಿಸಿ ಕೆಳಗಿಳಿಯುತ್ತಿದ್ದರು.

ಕೆಳಗೆ ಗುಂಡಿ ಹಾಕುವ ಸಾಲಿನಲ್ಲಿ ಮೇಸ್ತ್ರಿಯ ತಂಗಿ ಕೂರುತ್ತಿದ್ದಳು. ಗಂಡ ಸತ್ತ ಮೇಲೆ ಅಣ್ಣನ ಮನೆಯಲ್ಲೇ ಇದ್ದಳು. ಕಾಲರಕ್ಕನಿಗೂ ಈ ನಾದಿನಿಗೂ ಆಗಾಗ ಜಟಾಪಟಿ, ಆದರೆ ಒಬ್ಬರನ್ನು ಬಿಟ್ಟು ಒಬ್ಬರು ಉಣ್ಣುತ್ತಿರಲಿಲ್ಲ. ನಾದಿನಿಗೆ ಕೆಮ್ಮು ಹತ್ತಿತ್ತು. ಮೊದಮೊದಲು ದೂಳಿನ ಕೆಮ್ಮು ಎಂದರು. ಈಚೆಗೆ ಕೆಮ್ಮಿ ಕೆಮ್ಮಿ ಯಂತ್ರದ ಮೇಲೆ ಹಣೆಯಿಟ್ಟು ಕೂತುಬಿಡುತ್ತಿದ್ದಳು. ಅಲ್ಲಿಂದ ಎದ್ದರೆ ಬದುಕುತ್ತೀಯ, ಇಲ್ಲದಿದ್ದರೆ ನಾನು ಬರೆದುಕೊಡುವ ಔಷಧಿ ದಂಡ ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟಿದ್ದರು. ಎದ್ದು ಎಲ್ಲಿಗೆ ಹೋಗುವುದು?

ಹೊಲಿಗೆಯವರೆಲ್ಲ ಊಟದ ಹೊತ್ತಿನಲ್ಲಿ ಸೇರಿ ಒಂದೇ ಮಾತಿಗೆ ಬಂದರು, ಮೇಲಿನ ಹಾಲ್ ಬೇಕು. ಕತ್ತರಿಸುವವರು ಮೇಸ್ತ್ರಿಯ ಮನೆಗೆ ಬಂದು ಹಾಸಿಗೆಯ ಕಾಲುದೆಸೆಯಲ್ಲಿ ನಿಂತರು. ಅವರಲ್ಲೂ ಒಮ್ಮತವಿರಲಿಲ್ಲ. ಕೊನೆಗೆ, ಮೇಸ್ತ್ರಿ ಏನಂತಾರೋ ಅದೇ ನಮ್ಮ ಮಾತು ಎಂದು ಹೊರೆಯನ್ನು ಅವನ ಮೇಲೆ ಇಳಿಸಿ ಹೋದರು. ಕಾಯಿಲೆ ಬಿದ್ದ ಸದಸ್ಯ ತನ್ನ ಮಾತನ್ನು ಇನ್ನೊಬ್ಬರ ಕೈಲಿ ಹೇಳಿಕಳಿಸಬಹುದು ಎಂದು ಸಮಿತಿಯ ನಿಯಮವೇ ಇತ್ತು. ಇನ್ನೊಬ್ಬರು ಯಾರು? ಹೆಂಡತಿಯೇ.

ಸಭೆಯ ಹಿಂದಿನ ಸಂಜೆ ಕಾಲರಕ್ಕ ಗಂಡನ ಪಕ್ಕದಲ್ಲಿ ಕೂತು ವಿಷಯವನ್ನೆಲ್ಲ ಬಿಡಿಸಿ ಹೇಳಿದಳು. ತನ್ನ ವಿಭಾಗದವರು ಏನಂದರೆಂಬುದನ್ನೂ ಮುಚ್ಚಿಡಲಿಲ್ಲ. ಹೇಳಿಯಾದ ಮೇಲೆ ಕೇಳಿದಳು: "ಒಪ್ಪಿಗೇನಾ?"

"ಹ್ಞೂ" ಎಂದ ಮೇಸ್ತ್ರಿ.

ಬಾಗಿಲಲ್ಲಿ ನಿಂತಿದ್ದ ನಾದಿನಿಯ ಮುಖ ಅರಳಿತು. ಕಾಲರಕ್ಕ ಮಾತ್ರ ಏಳಲಿಲ್ಲ. "ಬೇಡ್ವಾ?" ಎಂದು ಕೇಳಿದಳು. ಅದಕ್ಕೂ ಅವನು, "ಹ್ಞೂ" ಎಂದ.

"ಅತ್ತಿಗೆ, ಮೊದಲ್ನೇ ಸಲ ಹ್ಞೂ ಅಂದಿದ್ದಾಯ್ತಲ್ಲ," ಎಂದಳು ನಾದಿನಿ. "ಮತ್ತೆ ಯಾಕೆ ಕೆದಕ್ತೀಯ? ಅವನು ಇಷ್ಟು ವರ್ಷ ನಿನ್ನ ಹೆಸರಲ್ಲಿ ತನಗೇನು ಬೇಕೋ ಅದನ್ನ ಹೇಳ್ಲಿಲ್ವಾ? ಒಂದು ಸಲ ಅವನ ಹೆಸರಲ್ಲಿ ನೀನು ಹೇಳಿದ್ರೆ ಆಕಾಶ ಕಳಚಿ ಬೀಳುತ್ತಾ?"

ಹಾಗೆಂದವಳಿಗೆ ಕೆಮ್ಮು ಒತ್ತರಿಸಿ ಬಂದು ಗೋಡೆ ಹಿಡಿದು ನಿಂತಳು. ಕಾಲರಕ್ಕ ಅವಳಿಗೆ ನೀರು ಕೊಟ್ಟು ಬೆನ್ನು ಸವರಿದಳು. ನಾದಿನಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದೇ ತೊಂದರೆ. ತನ್ನ ಮಾತನ್ನು ಇನ್ನೊಬ್ಬರು ಹೊತ್ತುಕೊಂಡು ಹೋಗಿ ಬೇರೆ ಮಾಡಿ ಇಳಿಸಿದರೆ ಒಳಗೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನೇ ಮಾಡುವುದು ಹೇಗೆ?

ಕತ್ತಿ ನಡೆಸುವವರು ಎಡಗೈಗೆ ಉಕ್ಕಿನ ಬಲೆಯ ಕೈಗವಸು ಹಾಕಿಕೊಳ್ಳುತ್ತಾರೆ, ಬೆರಳು ತುಂಡಾಗದಿರಲೆಂದು. ಮೇಸ್ತ್ರಿಯದು ಗೂಟಕ್ಕೆ ನೇತುಬಿದ್ದಿತ್ತು. ಅವಳು ಅದನ್ನು ತಂದು ಅವನ ಎಡಗೈಯಲ್ಲಿಟ್ಟಳು. "ರೀ, ಕೈಯಲ್ಲಿ ಕತ್ತರಿಸೋ ಕೆಲಸ ನಿಲ್ಲುತ್ತೆ. ಆಗಲಿ ಅನ್ನೋದಾದ್ರೆ ಇದನ್ನ ವಾಪಸ್ ಕೊಡಿ," ಎಂದು ಅಂಗೈ ಚಾಚಿದಳು. ಅವನು ಕೊಡಲಿಲ್ಲ. ಅವಳು ಮೆಲ್ಲಗೆ ಎಳೆದು ನೋಡಿದಳು. ಸರಿಯಿದ್ದ ಆ ಒಂದು ಕೈಯಲ್ಲಿ ಇದ್ದ ಬಲವನ್ನೆಲ್ಲ ಹಾಕಿ ಅವನು ಹಿಡಿದುಕೊಂಡಿದ್ದ. ಕಣ್ಣಂಚಿನಲ್ಲಿ ನೀರು ಬಂದಿತ್ತು.

ನಾದಿನಿ ಒಳಗೆ ಹೋದಳು. ಆ ರಾತ್ರಿ ಮನೆಯಲ್ಲಿ ಯಾರೂ ಯಾರನ್ನೂ ಊಟಕ್ಕೆ ಕರೆಯಲಿಲ್ಲ.

ಸಮಿತಿಯ ಕೋಣೆಯೆಂದರೆ ಒಂದು ಮೇಜು, ನಾಲ್ಕು ಕುರ್ಚಿ, ಮೂಲೆಯಲ್ಲಿ ಮಡಚದ ರಟ್ಟಿನ ಪೆಟ್ಟಿಗೆಗಳ ರಾಶಿ. ಪೆಟ್ಟಿಗೆಯಣ್ಣ ಮೊದಲೇ ಬಂದು ಕೂತಿದ್ದ. ಮೇಸ್ತ್ರಿಯ ಬಾಲ್ಯದ ಗೆಳೆಯ ಅವನು. ಆಸ್ಪತ್ರೆಯಲ್ಲಿ ಗೆಳೆಯನನ್ನು ಮಗುವಿನಂತೆ ಎತ್ತಿ ಮಲಗಿಸಿದವನು. ಕಾಲರಕ್ಕ ಎದುರಿಗೆ ಕೂತಾಗ ಅವನ ಕಣ್ಣು ತನ್ನಷ್ಟಕ್ಕೆ ಅವಳ ಪಕ್ಕದ ಕುರ್ಚಿಗೆ ಹೋಯಿತು. ಯಾವಾಗಲೂ ಮಾತು ಬರುತ್ತಿದ್ದದ್ದು ಅಲ್ಲಿಂದಲ್ಲವೇ. ಖಾಲಿ ಕುರ್ಚಿ ಕಂಡು ಮುಜುಗರವಾಗಿ ಕನ್ನಡಕ ಒರೆಸಿಕೊಂಡ.

ಗಾಳಿ, ಸೆಕೆ, ಮೇಸ್ತ್ರಿಯ ಊಟ, ನಿದ್ದೆ ಎಲ್ಲ ವಿಚಾರಿಸಿ ಆದ ಮೇಲೆ ವಿಷಯಕ್ಕೆ ಬಂದ. ಇಂಥದ್ದರಲ್ಲಿ ಮೊದಲು ಕೇಳುವುದು ಹೊಲಿಗೆಯವರನ್ನೇ, ಅದು ನಡೆದುಬಂದ ಪದ್ಧತಿ. ಏನಮ್ಮ, ಏನು ಹೇಳುತ್ತೀ ಎಂದ. ಕಾಲರಕ್ಕನ ತಲೆಯಲ್ಲಿ ಪದ್ಧತಿ ಎಲ್ಲಿತ್ತು? ತನಗೆ ಕಷ್ಟವಾದ ಮಾತನ್ನು ಧೈರ್ಯ ಕೆಡುವ ಮೊದಲೇ ಹೇಳಿ ಮುಗಿಸಬೇಕೆಂದು ದಾರಿಯುದ್ದಕ್ಕೂ ಅದನ್ನೇ ಉರು ಹೊಡೆದುಕೊಂಡು ಬಂದಿದ್ದಳು.

"ನಮ್ಮವರು ಬೇಡ ಅಂತಾರೆ," ಎಂದಳು.

ಪೆಟ್ಟಿಗೆಯಣ್ಣ ಕುರ್ಚಿಗೆ ಒರಗಿ ಉಸಿರು ಬಿಟ್ಟ. ಗೆಳೆಯನ ಮಾತಿಗೂ ಹೆಂಗಸರ ಕಷ್ಟಕ್ಕೂ ನಡುವೆ ಸಿಕ್ಕಿಬೀಳುತ್ತೇನೆಂದು ನಿದ್ದೆಗೆಟ್ಟಿದ್ದ ಮನುಷ್ಯ. ಹೆಂಗಸರೇ ಬೇಡ ಅಂದ ಮೇಲೆ ಇನ್ನೇನಮ್ಮ, ಎಂದ. ಮೇಸ್ತ್ರಿಯನ್ನು ಕೇಳುವ ಅಗತ್ಯವೇ ಇಲ್ಲ, ಅವನ ಮನಸ್ಸು ನನಗೆ ಗೊತ್ತಿಲ್ಲವೇ, ಎರಡೂ ಕಡೆ ಬೇಡ ಅಂತಾಯಿತು, ಹೋಗಿ ಯಜಮಾನರಿಗೆ ಹೇಳಿಬರುತ್ತೇನೆ ಎಂದು ಎದ್ದೇಬಿಟ್ಟ.

ಆಗ ಅವಳಿಗೆ ಹೊಳೆಯಿತು. ಅವಳ ಬಾಯಲ್ಲಿ ಗಂಡ ಎಂದರೆ ಯಾವತ್ತೂ 'ನಮ್ಮವರು'. ಆ ಮೇಜಿನ ಸುತ್ತ ಕೂತವರ ಬಾಯಲ್ಲಿ ತಮ್ಮ ತಮ್ಮ ವಿಭಾಗದ ಜನವೂ 'ನಮ್ಮವರು'. ಅವಳು ಒಬ್ಬನ ಮಾತು ಹೇಳಿದ್ದಳು, ಪೆಟ್ಟಿಗೆಯಣ್ಣ ಹೊಲಿಗೆಯ ಅರವತ್ತು ಜನರ ಮಾತು ಕೇಳಿಸಿಕೊಂಡಿದ್ದ.

ಸುಮ್ಮನಿದ್ದರೆ ಅವಳ ಮೇಲೆ ತಪ್ಪೇನೂ ಬರುತ್ತಿರಲಿಲ್ಲ, ಅವಳು ಸುಳ್ಳಾಡಿರಲಿಲ್ಲ. ಮನೆಯಲ್ಲಿ ಗಂಡನ ಮನಸ್ಸು ತಣ್ಣಗಾಗುತ್ತಿತ್ತು. ಕೆಳಗಿನವರಿಗೆ, ಏನು ಮಾಡಲಿ ಅಣ್ಣ ತಪ್ಪಾಗಿ ಕೇಳಿಸಿಕೊಂಡ ಎಂದರಾಗುತ್ತಿತ್ತು. ಸುಮ್ಮನಿರುವುದು ಅವಳಿಗೆ ಚೆನ್ನಾಗಿ ಅಭ್ಯಾಸವಾಗಿದ್ದ ಕೆಲಸವೂ ಹೌದು. ಪೆಟ್ಟಿಗೆಯಣ್ಣ ಬಾಗಿಲ ತನಕ ಹೋದ. ನೆಲದಡಿಯಿಂದ ಯಂತ್ರಗಳ ಗುಂಯ್ ಎನ್ನುವ ಸದ್ದು ಅವಳ ಅಂಗಾಲಿಗೆ ಬರುತ್ತಿತ್ತು.

"ಅಣ್ಣ, ನಿಲ್ಲಿ. ನಾನು ನಮ್ಮವರು ಅಂದಿದ್ದು ನಮ್ಮವರನ್ನಲ್ಲ."

ಅವನು ತಿರುಗಿದ. "ಇದೇನಮ್ಮ, ನಮ್ಮವರು ಅಂದ್ರೆ ನಮ್ಮವರಲ್ಲ ಅಂತೀಯ?"

"ಬೇಡ ಅಂದಿದ್ದು ಮನೇಲಿ ಮಲಗಿರೋರು."

"ಮತ್ತೆ ಕೆಳಗಡೆ ಇರೋರು?"

"ಅವರು ಬೇಕು ಅಂತಾರೆ. ಎಲ್ಲರೂ."

ಪೆಟ್ಟಿಗೆಯಣ್ಣ ವಾಪಸು ಬಂದು ಕೂತ. ಮೇಸ್ತ್ರಿ ಬೇಡ ಅಂದದ್ದು ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದ. ಅವಳು ಕೈಗವಸಿನ ಸಂಗತಿ ಹೇಳಿದಳು, ತಾನು ಎಳೆದದ್ದು, ಅವನು ಬಿಡದೆ ಇದ್ದದ್ದು. ಯಾಕಂತೆ ಎಂದು ಅವನು ಕೇಳಿದ್ದಕ್ಕೆ, ಅದನ್ನು ಹೇಳಲು ಅವರಿಗಾಗುವುದಿಲ್ಲ, ನಾನು ಸೇರಿಸಿ ಹೇಳುವುದಿಲ್ಲ ಎಂದಳು.

"ನೀನು?" ಎಂದ ಪೆಟ್ಟಿಗೆಯಣ್ಣ.

"ನಾನೇನು?"

"ಅವನದು ಹೇಳ್ದೆ, ಅವರದು ಹೇಳ್ದೆ. ನೀನು ಏನಂತೀಯ?"

ಈ ಕೋಣೆಯಲ್ಲಿ ಯಾರೂ ಅವಳನ್ನು ಹೀಗೆ ಕೇಳಿರಲಿಲ್ಲ. ಅವಳು ಪಕ್ಕದ ಕುರ್ಚಿಯ ಕಡೆ ನೋಡಲು ಹೊರಟವಳು ತಡೆದುಕೊಂಡಳು. "ನಾನು ಬೇಕು ಅಂತೀನಿ," ಎಂದಳು. ದನಿ ಅವಳಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು.

ಪೆಟ್ಟಿಗೆಯಣ್ಣ ಅಳಲಿಲ್ಲ, ಆದರೆ ಕನ್ನಡಕ ತೆಗೆದ. ಗೆಳೆಯನ ವಿರುದ್ಧ ಹೋಗುವುದೆಂದರೆ ಅವನಿಗೂ ಸುಲಭವಿರಲಿಲ್ಲ. ಆಮೇಲೆ ನಿಧಾನವಾಗಿ ಮಾತಾಡಿದ. "ನಿನಗೆ ಬೇಡದ ಮಾತನ್ನ ನೀನು ಮೊದಲು ಹೇಳ್ದೆ, ಅದೂ ನಿಮ್ಮ ಕಡೆ ಸೋಲಬಹುದು ಅಂತ ಗೊತ್ತಿದ್ದು. ಹಾಗಾಗಿ ಉಳಿದಿದ್ದನ್ನೂ ನಂಬ್ತೀನಿ. ನಾನು ಹೊಲಿಗೆಯವರ ಕಡೆ ನಿಲ್ತೀನಿ. ಕಟಿಂಗಿನವರು ಒಬ್ಬರೂ ಕೆಲಸ ಕಳಕೊಂಡು ಮನೆಗೆ ಹೋಗಬಾರದು ಅನ್ನೋದನ್ನೂ ಸೇರಿಸಿ ಹೇಳ್ತೀನಿ." ಬಾಗಿಲ ಹತ್ತಿರ ಹೋಗಿ ಮತ್ತೆ ನಿಂತ. ಅವನಿಗೆ ನಾನು ಬಂದು ಹೇಳಲೇ ಎಂದು ಕೇಳಿದ.

ಬೇಡ ಎಂದಳು ಕಾಲರಕ್ಕ. ಮನೆಗೆ ಹೋಗಿ ನಾನೇ ಹೇಳುತ್ತೇನೆ ಎಂದಳು.

ಸುದ್ದಿ ಅವಳಿಗಿಂತ ಮೊದಲೇ ಮೆಟ್ಟಿಲಿಳಿದು ಹೋಗಿತ್ತು. ಹೆಂಗಸರು ಯಂತ್ರ ನಿಲ್ಲಿಸಿ ಅವಳನ್ನು ಮುತ್ತಿಕೊಂಡರು. ಒಬ್ಬಳು ಅಪ್ಪಿಕೊಂಡಳು, ಒಬ್ಬಳು ಮೇಲೆ ಹೋದರೆ ಕಿಟಕಿ ಪಕ್ಕದ ಜಾಗ ನನಗೆ ಎಂದು ಆಗಲೇ ಜಗಳ ತೆಗೆದಳು. ಕಾಲರಕ್ಕ ಎಲ್ಲರಿಗೂ ತಲೆಯಾಡಿಸಿ ಬೇಗ ಹೊರಟಳು. ನಾದಿನಿ ಅವಳ ಹಿಂದೆಯೇ ಬಂದಳು. ದಾರಿಯುದ್ದಕ್ಕೂ ಅತ್ತಿಗೆಯ ಊಟದ ಡಬ್ಬಿಯನ್ನು ತಾನೇ ಹಿಡಿದುಕೊಂಡಿದ್ದಳು.

ಮೇಸ್ತ್ರಿ ದಿಂಬಿಗೆ ಒರಗಿ ಬಾಗಿಲನ್ನೇ ನೋಡುತ್ತಿದ್ದ. ಕಾಲರಕ್ಕ ಮುಖ ತೊಳೆದು ಬಂದು ಅವನ ಎದುರಿಗೆ ಸ್ಟೂಲು ಎಳೆದುಕೊಂಡಳು. ಸಭೆಯಲ್ಲಿ ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ಪೆಟ್ಟಿಗೆಯಣ್ಣ ತಪ್ಪಾಗಿ ಕೇಳಿಸಿಕೊಂಡದ್ದು, 'ನಮ್ಮವರು' ಎಂಬುದರ ಗೋಜಲು ಹೇಳುವಾಗ ಮೇಸ್ತ್ರಿಯ ಬಾಯಿಯ ಒಂದು ಕೊನೆ ಮೇಲೇರಿತು, ನಕ್ಕನೋ ಏನೋ. ಅವಳಿಗೆ ಮುಂದೆ ಹೇಳುವುದು ಇನ್ನೂ ಕಷ್ಟವಾಯಿತು.

"ನೀವು ಬೇಡ ಅಂದ್ರಿ ಅಂತ ಹೇಳ್ದೆ. ಹೇಗೆ ಗೊತ್ತಾಯ್ತು ಅಂತಾನೂ ಹೇಳ್ದೆ. ನಿಮ್ಮ ಮಾತು ಸೋತೋಯ್ತು. ಹೊಲಿಗೆಯವರು ಬೇಕು ಅಂದ್ರು. ಅಷ್ಟೇ ಅಲ್ಲ. ನಾನೂ ಬೇಕು ಅಂದೆ. ಯಾರೂ ಹೇಳಿಸಲಿಲ್ಲ, ನಾನೇ ಅಂದೆ."

ಮೇಸ್ತ್ರಿ ಅವಳನ್ನೇ ನೋಡಿದ. ಹೆಂಡತಿಯನ್ನು ನೋಡುವ ನೋಟವಲ್ಲ, ಮೇಜಿನ ಎದುರು ಕೂತವರನ್ನು ನೋಡುವ ನೋಟ. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿದ. ಎದೆ ಉಸಿರಿಗೆ ಏರಿ ಇಳಿಯುತ್ತಿತ್ತು.

ಬಾಗಿಲಲ್ಲಿ ನಿಂತಿದ್ದ ನಾದಿನಿಗೆ ತಡೆಯಲಾಗಲಿಲ್ಲ. "ಏನಂತಾನೆ ಅತ್ತಿಗೆ? ಸಿಟ್ಟಾ? ಅಳ್ತಿದಾನಾ? ನಿಂಗೆ ಗೊತ್ತಾಗುತ್ತಲ್ಲ, ಹೇಳು."

"ನಂಗೊತ್ತಿಲ್ಲ," ಎಂದಳು ಕಾಲರಕ್ಕ. "ಅವರೇ ಹೇಳ್ಲಿ."

ಸ್ಟೂಲನ್ನು ಹಾಸಿಗೆಗೆ ಇನ್ನಷ್ಟು ಹತ್ತಿರ ಸರಿಸಿಕೊಂಡು, ಅವನು ತಿರುಗುವ ತನಕ ಏಳದೆ ಕೂತಳು.